ಮಕ್ಕಳ ಮಾಹಿತಿ ಪುಸ್ತಕಗಳ ಆಯ್ಕೆ: ನಾಗಲಮಡಿಕೆ ಮತ್ತು ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಗ್ರಂಥಾಲಯಗಳು

ಕತೆ, ಕವಿತೆ, ನಾಟಕಗಳನ್ನು ಬಿಟ್ಟು, ಪ್ರಕೃತಿ, ವಿಜ್ಞಾನ, ಇತಿಹಾಸ, ಭೂಗೋಳ, ಆರೋಗ್ಯ, ಕಸುಬು, ಜೀವನಚರಿತ್ರೆ ಮೊದಲಾದ ವಾಸ್ತವ ವಿಷಯಗಳ ಮೇಲೆ ಸುಮಾರು ಐದರಿಂದ ಹದಿನೈದರ ವಯಸ್ಸಿನ ಓದುಗರಿಗಾಗಿ ಬರೆದ ಪುಸ್ತಕಗಳಿಗೆ ಮಕ್ಕಳ ಮಾಹಿತಿ ಸಾಹಿತ್ಯವೆಂದು ಹೆಸರು. ಇಂಥ ಪುಸ್ತಕಗಳಲ್ಲಿ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು, ಕೊಂಡದ್ದನ್ನು ಎಷ್ಟು ಕಾಲ ಕಪಾಟಿನಲ್ಲಿ ಇಟ್ಟುಕೊಳ್ಳಬೇಕು ಎಂಬ ತೀರ್ಮಾನಗಳೆಲ್ಲ ಸೇರಿ ಗ್ರಂಥಾಲಯಶಾಸ್ತ್ರದಲ್ಲಿ ಪುಸ್ತಕ ಆಯ್ಕೆ ಎನಿಸಿಕೊಳ್ಳುತ್ತವೆ. ಪಠ್ಯಪುಸ್ತಕ ಈ ವರ್ಗಕ್ಕೆ ಸೇರುವುದಿಲ್ಲ. ಮಗು ತಾನಾಗಿ ಕೈಗೆತ್ತಿಕೊಂಡು, ಬೇಕಾದ ಪುಟದಿಂದ ಓದಲು ಶುರು ಮಾಡಿ, ಬೇಡವೆನಿಸಿದಾಗ ಮುಚ್ಚಿಡಬಹುದಾದ ಪುಸ್ತಕವಷ್ಟೇ ಇಲ್ಲಿ ಪರಿಗಣನೆಗೆ ಬರುತ್ತದೆ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಶಿಕ್ಷಣ ಇಲಾಖೆಯ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದ್ದು, ಪಾವಗಡ ತಾಲ್ಲೂಕಿನ ಹೋಬಳಿ ಕೇಂದ್ರವಾದ ನಾಗಲಮಡಿಕೆ ಉತ್ತರ ಪಿನಾಕಿನಿಯ ದಡದಲ್ಲಿ, ಆಂಧ್ರಪ್ರದೇಶದ ಗಡಿಗೆ ಅಂಟಿಕೊಂಡಂತಿದೆ. ಮಳೆ ಕಡಿಮೆಯಾದ, ಶೇಂಗಾ ಬೆಳೆಯುವ, ಎರಡು ಭಾಷೆಗಳು ಕೂಡಿ ಬಾಳುವ ಈ ಸೀಮೆಯಲ್ಲಿ, ಬೇರೆಡೆ ಬರೆದು ಬೇರೆಡೆ ಅಚ್ಚಾದ ಪುಸ್ತಕ ಎಷ್ಟರಮಟ್ಟಿಗೆ ಮಕ್ಕಳ ಕೆಲಸಕ್ಕೆ ಬರುತ್ತದೆ ಎಂಬ ಪ್ರಶ್ನೆ ಎದ್ದು ಕಾಣುತ್ತದೆ.

ಹಿನ್ನೆಲೆ

ಮಕ್ಕಳಿಗೆಂದೇ ಚಿತ್ರಸಮೇತವಾಗಿ ಲೋಕದ ಸಂಗತಿಗಳನ್ನು ಹೇಳಿದ ಮೊದಲ ಪುಸ್ತಕಗಳಲ್ಲಿ ಮೊರೇವಿಯದ ಶಿಕ್ಷಣತಜ್ಞ ಕೊಮೇನಿಯಸ್ 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಪ್ರಕಟಿಸಿದ 'ಆರ್ಬಿಸ್ ಪಿಕ್ಟಸ್' ಪ್ರಸಿದ್ಧವಾದುದು. ಲ್ಯಾಟಿನ್ ಮತ್ತು ಜರ್ಮನ್ ಎರಡರಲ್ಲೂ ಅಕ್ಕಪಕ್ಕ ಬರೆದ ಆ ಪುಸ್ತಕದ ಕ್ರಮ ಗಡಿನಾಡಿನ ಗ್ರಂಥಾಲಯಗಳಿಗೆ ಇಂದಿಗೂ ಅನ್ವಯಿಸುವಂಥದು. ಅಮೆರಿಕದಲ್ಲಿ ಈ ಪ್ರಕಾರಕ್ಕೆ ಮೀಸಲಾದ ಆರ್ಬಿಸ್ ಪಿಕ್ಟಸ್ ಪ್ರಶಸ್ತಿ 1989ರಲ್ಲಿ ಸ್ಥಾಪನೆಯಾಯಿತು, ಸೈಬರ್ಟ್ ಪದಕ 2001ರಿಂದ ಸಲ್ಲುತ್ತಿದೆ.

ಕನ್ನಡದಲ್ಲಿ ಮಕ್ಕಳಿಗೆಂದೇ ಅಲ್ಲದಿದ್ದರೂ ವಿಜ್ಞಾನವನ್ನು ಜನರ ಮಾತಿನಲ್ಲಿ ಹೇಳುವ ದಾರಿಯನ್ನು ತೆರೆದದ್ದು ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರ ಸಂಪಾದಕತ್ವದ 'ವಿಜ್ಞಾನ' ಮಾಸಪತ್ರಿಕೆ (1918–19). ವೆಂಕಟನಾರಣಪ್ಪನವರ ಹೆಸರಿನಲ್ಲಿರುವ ಊರು ತುಮಕೂರು ಜಿಲ್ಲೆಯದೇ. 1930ರ ದಶಕದಲ್ಲಿ ಶಿವರಾಮ ಕಾರಂತರು ಒಬ್ಬರೇ ನಿಂತು ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಹೊರತಂದರು, ಮುಂದೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಬರೆದರು. 1970ರ ದಶಕದಲ್ಲಿ ನಿರಂಜನರ ಪ್ರಧಾನ ಸಂಪಾದಕತ್ವದಲ್ಲಿ ಕಿರಿಯರ ವಿಶ್ವಕೋಶ 'ಜ್ಞಾನಗಂಗೋತ್ರಿ' ಏಳು ಸಂಪುಟಗಳಲ್ಲಿ ಬಂತು. ರಾಷ್ಟ್ರೋತ್ಥಾನ ಸಾಹಿತ್ಯದ 'ಭಾರತ-ಭಾರತಿ' ಮಾಲೆ ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ 510 ಕಿರುಪುಸ್ತಕಗಳನ್ನು ಕೊಟ್ಟಿತು. 1978ರಲ್ಲಿ ಹೊರಡಲಾರಂಭಿಸಿದ 'ಬಾಲ ವಿಜ್ಞಾನ' ಮಾಸಪತ್ರಿಕೆ ಜೆ. ಆರ್. ಲಕ್ಷ್ಮಣರಾಯರ ಕೈಯಲ್ಲಿ ಬೆಳೆದು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಮುಖವಾಣಿಯಾಗಿ ಹಳ್ಳಿಯ ಪ್ರೌಢಶಾಲೆಗಳನ್ನು ತಲುಪಿತು. ನವಕರ್ನಾಟಕ ಪ್ರಕಾಶನ, 1957ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟ್, 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಇವು ಈ ಕ್ಷೇತ್ರದಲ್ಲಿ ಹೆಚ್ಚು ಕೆಲಸ ಮಾಡಿದ ಸಂಸ್ಥೆಗಳು. ಈ ಪರಂಪರೆ ಸಣ್ಣದಲ್ಲ. ಆದರೆ ಇದರ ಬಹುಭಾಗ ಮರುಮುದ್ರಣವಾಗದೆ ಉಳಿದಿದೆ, ಅಥವಾ ಪರಿಷ್ಕರಣೆಯಿಲ್ಲದೆ ಮರುಮುದ್ರಣವಾಗಿದೆ, ಮತ್ತು ಈ ಎರಡನೆಯದರಿಂದ ಆಗುವ ಹಾನಿ ಮೊದಲನೆಯದಕ್ಕಿಂತ ಹೆಚ್ಚಿನದು.

ಪುಸ್ತಕ ಕಪಾಟಿಗೆ ಬರುವ ದಾರಿ

1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಿಂದ ಕರ್ನಾಟಕದ ಗ್ರಂಥಾಲಯ ವ್ಯವಸ್ಥೆ ರೂಪುಗೊಂಡಿದೆ. ಆಸ್ತಿ ತೆರಿಗೆಯ ಮೇಲೆ ವಸೂಲಾಗುವ ಶೇ 6ರ ಗ್ರಂಥಾಲಯ ಕರ ಇದರ ಮುಖ್ಯ ಆದಾಯ. ಆಸ್ತಿಯ ಬೆಲೆ ಕಡಿಮೆಯಿರುವ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಈ ಆದಾಯವೂ ಕಡಿಮೆಯೆಂಬುದು ಇದರಲ್ಲೇ ಅಡಗಿರುವ ಸಂಗತಿ. ಕನ್ನಡ ಪುಸ್ತಕಗಳ ಮಟ್ಟಿಗೆ ದೊಡ್ಡ ಖರೀದಿದಾರ ಸರ್ಕಾರವೇ. ಪ್ರಕಾಶಕರು ಆಯಾ ವರ್ಷದ ಪುಸ್ತಕಗಳನ್ನು ಗ್ರಂಥಾಲಯ ಇಲಾಖೆಗೆ ಸಲ್ಲಿಸುತ್ತಾರೆ, ರಾಜ್ಯಮಟ್ಟದ ಪುಸ್ತಕ ಆಯ್ಕೆ ಸಮಿತಿ ಅವುಗಳನ್ನು ಪರಿಶೀಲಿಸುತ್ತದೆ, ಆಯ್ಕೆಯಾದ ಪುಸ್ತಕದ ಮುನ್ನೂರು ಪ್ರತಿಗಳವರೆಗೆ ಸಗಟು ಖರೀದಿ ನಡೆಯುತ್ತದೆ. ರಾಜ್ಯದಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿರುವಾಗ ಮುನ್ನೂರು ಪ್ರತಿ ಎಲ್ಲಿಗೆ ಸಾಲುತ್ತದೆಂಬುದನ್ನು ಲೆಕ್ಕ ಹಾಕಿ ನೋಡಬೇಕು. ಬೆಲೆಯನ್ನು ಪುಟಗಳ ಲೆಕ್ಕದಲ್ಲಿ ಕಟ್ಟುವ ಪದ್ಧತಿಯೂ ಮಕ್ಕಳ ಪುಸ್ತಕಗಳಿಗೆ ಅನುಕೂಲವಾದುದಲ್ಲ, ಏಕೆಂದರೆ ಇಪ್ಪತ್ತನಾಲ್ಕು ಪುಟಗಳ ಚಿತ್ರಪುಸ್ತಕವೊಂದಕ್ಕೆ ಬೇಕಾದ ಕಲಾವಿದರ ದುಡಿಮೆ, ತಜ್ಞರ ಪರಿಶೀಲನೆ ಮತ್ತು ಬಣ್ಣದ ಮುದ್ರಣದ ಖರ್ಚು ಪುಟಗಳ ಸಂಖ್ಯೆಯಲ್ಲಿ ಕಾಣಿಸುವುದಿಲ್ಲ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. ಈಗ ಅವುಗಳಿಗೆ 'ಗ್ರಂಥಾಲಯ ಮತ್ತು ಅರಿವು ಕೇಂದ್ರ' ಎಂಬ ಹೆಸರಿದೆ. 2020ರ ನವೆಂಬರಿನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಆರರಿಂದ ಹದಿನೆಂಟು ವಯಸ್ಸಿನವರಿಗೆ ಉಚಿತ ಸದಸ್ಯತ್ವ ದೊರೆತು, ಅದುವರೆಗೆ ದಿನಪತ್ರಿಕೆ ಓದುವ ಹಿರಿಯರ ಮತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ಕೂತ ಯುವಕರ ಜಾಗವಾಗಿದ್ದ ಕೋಣೆಗಳಿಗೆ ಮಕ್ಕಳು ಬರತೊಡಗಿದರು. ಶಾಲೆಗಳ ಮಟ್ಟಿಗೆ ಸಮಗ್ರ ಶಿಕ್ಷಣ ಯೋಜನೆಯ ಗ್ರಂಥಾಲಯ ಅನುದಾನ ಶಾಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಇದೆ. ಕೋಲ್ಕತ್ತದಲ್ಲಿ 1972ರಲ್ಲಿ ಸ್ಥಾಪನೆಯಾದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವು ಇನ್ನೊಂದು ಮೂಲ. ಇವುಗಳ ಜೊತೆಗೆ ಸಾರ್ವಜನಿಕರಿಂದ ಪುಸ್ತಕ ಸಂಗ್ರಹಿಸುವ 'ಪುಸ್ತಕ ಜೋಳಿಗೆ'ಯಂಥ ಅಭಿಯಾನಗಳೂ ನಡೆದಿವೆ.

ಹೀಗೆ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರ ಕೈಗೆ ಪುಸ್ತಕ ಬರುವ ಹೊತ್ತಿಗೆ ಆಯ್ಕೆಯ ಬಹುಪಾಲು ಬೇರೆಯವರಿಂದ ಮುಗಿದಿರುತ್ತದೆ. ಆದರೂ ಅನುದಾನದ ಹಣದಲ್ಲಿ ಏನು ಕೊಳ್ಳುವುದು, ದಾನವಾಗಿ ಬಂದುದರಲ್ಲಿ ಏನನ್ನು ಒಪ್ಪುವುದು, ಯಾವುದನ್ನು ಮಕ್ಕಳ ಎತ್ತರಕ್ಕೆ ಜೋಡಿಸುವುದು, ಯಾವುದನ್ನು ತೆಗೆದುಹಾಕುವುದು ಎಂಬ ತೀರ್ಮಾನಗಳು ಸ್ಥಳೀಯವಾಗಿಯೇ ಉಳಿದಿವೆ. ಊರಿನ ಮಕ್ಕಳನ್ನು ಬಲ್ಲವರು ಈ ತೀರ್ಮಾನಗಳನ್ನು ಮಾಡಿದಾಗ ಸಿಗುವ ಫಲ ಮೇಲಿನಿಂದ ಬರುವ ಯಾವ ಪಟ್ಟಿಯಿಂದಲೂ ಸಿಗುವಂಥದಲ್ಲ.

ನಿಜವನ್ನು ಪರೀಕ್ಷಿಸುವ ಬಗೆ

ಮಾಹಿತಿ ಪುಸ್ತಕದ ಮೊದಲ ಗುಣ ಅದು ನಿಜ ಹೇಳುವುದು. ವಿಷಯತಜ್ಞರಲ್ಲದ ಮೇಲ್ವಿಚಾರಕರಾಗಲಿ ಶಿಕ್ಷಕರಾಗಲಿ ಇದನ್ನು ಹೇಗೆ ಪರೀಕ್ಷಿಸಬೇಕೆಂಬುದಕ್ಕೆ ಒಳ್ಳೆಯ ಉಪಾಯವೊಂದಿದೆ: ಪುಸ್ತಕದಲ್ಲಿ ತಮ್ಮ ಊರಿನವರು ಕಣ್ಣಾರೆ ಬಲ್ಲ ಸಂಗತಿಯೊಂದನ್ನು ಹುಡುಕಿ, ಅದನ್ನು ಸರಿಯಾಗಿ ಹೇಳಿದೆಯೇ ಎಂದು ನೋಡುವುದು. ಬೆಳೆಗಳ ಬಗೆಗಿನ ಚಿತ್ರಪುಸ್ತಕವಾದರೆ ಶೇಂಗಾ ಗಿಡದ ಪುಟವನ್ನು ತೆರೆಯಬೇಕು. ಶೇಂಗಾದ ಹಳದಿ ಹೂವು ನೆಲದ ಮೇಲೆ, ಎಲೆಯ ಕಂಕುಳಲ್ಲಿ ಅರಳುತ್ತದೆ. ಪರಾಗಸ್ಪರ್ಶವಾದ ಮೇಲೆ ಹೂವಿನ ಬುಡದಿಂದ ಊಡು ಹೊರಟು ಕೆಳಮುಖವಾಗಿ ಬೆಳೆದು ಮಣ್ಣಿಗಿಳಿಯುತ್ತದೆ, ಅದರ ತುದಿಯಲ್ಲಿ ಕಾಯಿ ಕಟ್ಟುತ್ತದೆ. ಕಾಯಿ ಬೇರಿನಲ್ಲಿ ಬಿಡುವುದಿಲ್ಲ. ಆದರೆ ಗಿಡ ಕಿತ್ತು ನೋಡದೆ ಬರೆದ ಚಿತ್ರಗಳಲ್ಲಿ ಬೇರಿಗೇ ಕಾಯಿ ಜೋತುಬಿದ್ದಿರುತ್ತದೆ, ಕೆಲವು ಕಡೆ ಶೇಂಗಾವನ್ನು ಮೂಲಂಗಿ, ಗೆಡ್ಡೆಗಳ ಸಾಲಿಗೂ ಸೇರಿಸಿರುತ್ತಾರೆ. ನಾಗಲಮಡಿಕೆ ಹೋಬಳಿಯಲ್ಲಿ ಕಾಯಿ ಬಿಡಿಸಲು ಕೂತ ಯಾವ ಮಗುವಾದರೂ ಈ ತಪ್ಪನ್ನು ಹಿಡಿಯಬಲ್ಲದು. ಗೊತ್ತಿರುವ ಪುಟದಲ್ಲಿ ಎಡವಿದ ಪುಸ್ತಕ ಗೊತ್ತಿಲ್ಲದ ಪುಟಗಳಲ್ಲಿ ನೆಟ್ಟಗಿರುತ್ತದೆ ಎಂದು ನಂಬಲು ಕಾರಣವಿಲ್ಲ.

ಪ್ರಾಣಿಗಳ ಪುಸ್ತಕಕ್ಕೆ ಇಂಥದೇ ಪರೀಕ್ಷೆ ಕೃಷ್ಣಮೃಗದ್ದು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿನಲ್ಲಿ 2007ರಲ್ಲಿ ಘೋಷಿತವಾದ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಿದ್ದು, ಸುತ್ತಲಿನ ಮಕ್ಕಳು ಈ ಪ್ರಾಣಿಯನ್ನು ಹೊಲದ ಅಂಚಿನಲ್ಲೇ ನೋಡಿರುತ್ತಾರೆ. ಜಿಂಕೆ, ಕಡವೆಗಳ ಕವಲೊಡೆದ ಕೋಡು ಕಾಲಕ್ಕೆ ಉದುರಿ ಮತ್ತೆ ಮೂಡುತ್ತದೆ. ಕೃಷ್ಣಮೃಗದ ಗಂಡಿನ ಸುರುಳಿ ಕೋಡು ಕವಲೊಡೆಯುವುದೂ ಇಲ್ಲ, ಉದುರುವುದೂ ಇಲ್ಲ. ಈ ಎರಡನ್ನೂ ಒಂದೇ ಮಾತಿನಲ್ಲಿ 'ಜಿಂಕೆ' ಎಂದು ಮುಗಿಸಿ, ಸಿಂಹ, ಜಿರಾಫೆಗಳಿಗೆ ಹತ್ತು ಪುಟ ಕೊಟ್ಟ ಪುಸ್ತಕ ಈ ಸೀಮೆಗೆ ಅರೆಬರೆ ಪುಸ್ತಕವೇ ಸರಿ.

ನಿಜವಾದ ಮಾತೂ ಸ್ಥಳಾಂತರವಾದಾಗ ತಪ್ಪು ದಾರಿ ತೋರಿಸಬಹುದೆಂಬುದಕ್ಕೆ ಹಲ್ಲಿನ ಆರೋಗ್ಯದ ಪುಸ್ತಕಗಳು ಸಾಕ್ಷಿ. ಫ್ಲೋರೈಡ್ ಹಲ್ಲನ್ನು ಗಟ್ಟಿ ಮಾಡುತ್ತದೆ ಎಂದು ಬೇರೆ ದೇಶಗಳಲ್ಲಿ ಬರೆದ ಪುಸ್ತಕಗಳು ಹೇಳುತ್ತವೆ. ಅಲ್ಲಿನ ನೀರಿನಲ್ಲಿ ಅದು ಕಡಿಮೆಯಿರುವುದರಿಂದ ಅಲ್ಲಿಗೆ ಆ ಮಾತು ಸರಿ. ಪಾವಗಡ ತಾಲ್ಲೂಕಿನ ಕೊಳವೆಬಾವಿಗಳ ನೀರಿನಲ್ಲಾದರೋ ಫ್ಲೋರೈಡ್ ಅತಿಯಾಗಿರುವುದು ದಶಕಗಳಿಂದ ತಿಳಿದ ಸಂಗತಿ. ಲೀಟರಿಗೆ 1.5 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯನ್ನು ಮೀರಿದ ನೀರನ್ನು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ಗೀರುಗಳು ಉಳಿಯುತ್ತವೆ, ಇನ್ನೂ ಹೆಚ್ಚು ಕಾಲ ಕುಡಿದವರ ಮೂಳೆ ಕೀಲುಗಳು ಬಾಧೆಪಡುತ್ತವೆ. ಕಲೆಯನ್ನು ಹಲ್ಲುಜ್ಜದ ಸೋಮಾರಿತನದ ಗುರುತೆಂದು ಹೇಳುವ ಪುಸ್ತಕ ಇಲ್ಲಿನ ತರಗತಿಯ ಮಗುವಿಗೆ ಸಲ್ಲದ ಅವಮಾನ ಮಾಡುತ್ತದೆ. ಅಂಥ ಪುಸ್ತಕವನ್ನು ಕೊಳ್ಳಬಾರದು. ಕೊಂಡಾಗಿದ್ದರೆ ಅದರ ಜೊತೆಗೆ ನೀರು ಮತ್ತು ಫ್ಲೋರೈಡ್ ಕುರಿತ ಇನ್ನೊಂದು ಪುಸ್ತಕವೋ ಕರಪತ್ರವೋ ಕಪಾಟಿನಲ್ಲಿ ಇರಲೇಬೇಕು.

ಅತಿಶಯದ ಮಾತುಗಳೂ ಎಚ್ಚರಿಕೆ ಬೇಡುತ್ತವೆ. ಮಧುಗಿರಿಯ ಏಕಶಿಲಾ ಬೆಟ್ಟ ಏಷ್ಯಾದಲ್ಲೇ ಎರಡನೆಯ ಅತಿ ದೊಡ್ಡದು ಎಂಬ ಹೇಳಿಕೆ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಒಂದರಿಂದ ಒಂದಕ್ಕೆ ನಕಲಾಗುತ್ತ ಬಂದಿದೆ. ಯಾರು ಅಳೆದರು, ಎತ್ತರವನ್ನೋ ಸುತ್ತಳತೆಯನ್ನೋ ಎಂಬುದನ್ನು ಯಾವ ಪುಸ್ತಕವೂ ಹೇಳದೆ ಇದ್ದಾಗ ಮಗು ಕಲಿಯುವುದು ಬರಿಯ ಹೆಮ್ಮೆಯನ್ನು. ಅದೇ ಬೆಟ್ಟ ರಾಮನಗರದಿಂದ ಉತ್ತರಕ್ಕೆ ಹರಡಿದ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿಯದು, ಆ ಶಿಲೆಗೆ ಸುಮಾರು 250 ಕೋಟಿ ವರ್ಷ ವಯಸ್ಸು, ಪಾವಗಡದ ಬೆಟ್ಟವೂ ಅದರ ಬಳಗದ್ದೇ ಎಂದು ತಿಳಿಸುವ ಪುಸ್ತಕ ಮಗುವಿಗೆ ಮುಂದಿನ ಪ್ರಶ್ನೆಯನ್ನು ಕೊಡುತ್ತದೆ. ಇತಿಹಾಸದಲ್ಲಿಯೂ ಹೀಗೆಯೇ. ಕುಕ್ಕೆ, ಘಾಟಿ, ನಾಗಲಮಡಿಕೆಗಳನ್ನು ಆದಿ, ಮಧ್ಯ, ಅಂತ್ಯ ಸುಬ್ರಹ್ಮಣ್ಯ ಕ್ಷೇತ್ರಗಳೆಂದು ಹೇಳುವ ಸ್ಥಳಪುರಾಣಕ್ಕೆ ಮಕ್ಕಳ ಕಪಾಟಿನಲ್ಲಿ ಜಾಗ ಇರಬೇಕು, ಆದರೆ ಜನ ನಂಬಿ ಹೇಳುತ್ತ ಬಂದದ್ದು ಯಾವುದು, ಶಾಸನದಿಂದ ತಿಳಿದುಬರುವುದು ಯಾವುದು ಎಂಬ ಗೆರೆಯನ್ನು ಲೇಖಕ ಮರೆಮಾಚಬಾರದು. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟ (1904) ತುಮಕೂರು ಜಿಲ್ಲೆಯ ಶಾಸನಗಳಿಗೆ ಮೀಸಲಾಗಿದ್ದು, ಊರಿನ ಇತಿಹಾಸ ಬರೆಯುವವರು ಅದನ್ನು ನೋಡಿದ್ದಾರೆಯೇ ಎಂಬುದು ಆಯ್ಕೆದಾರರು ಕೇಳಬೇಕಾದ ಪ್ರಶ್ನೆ.

ಕಾಲ ಸರಿದಂತೆ ನಿಜವೂ ಹಳತಾಗುತ್ತದೆ. 2006ರ ಆಗಸ್ಟಿನಲ್ಲಿ ಪ್ಲೂಟೊ ಕುಬ್ಜಗ್ರಹಗಳ ಸಾಲಿಗೆ ಸೇರಿತು. 2014ರಲ್ಲಿ ತೆಲಂಗಾಣ ಪ್ರತ್ಯೇಕ ರಾಜ್ಯವಾಯಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು. ನಾಗಲಮಡಿಕೆಗೆ ಇವೆಲ್ಲಕ್ಕಿಂತ ಹತ್ತಿರದ ಬದಲಾವಣೆ 2022ರ ಏಪ್ರಿಲಿನದು: ಆಂಧ್ರಪ್ರದೇಶದ ಜಿಲ್ಲೆಗಳ ಪುನರ್ವಿಂಗಡಣೆಯಲ್ಲಿ ಗಡಿಯಾಚೆಯ ರೊದ್ದಂ, ಪೆನುಕೊಂಡಗಳು ಅನಂತಪುರ ಜಿಲ್ಲೆಯಿಂದ ಬೇರ್ಪಟ್ಟು, ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ಮುದ್ರಣದ ವರ್ಷವನ್ನು ನೋಡದೆ ನಕಾಶೆ ಪುಸ್ತಕ ಕೊಂಡರೆ, ನಂಟರ ಊರು ಯಾವ ಜಿಲ್ಲೆಯಲ್ಲಿದೆಯೆಂದು ಬಲ್ಲ ಮಗುವೇ ಅದನ್ನು ತಿದ್ದಬೇಕಾಗುತ್ತದೆ. ಅದೇ ರೀತಿ 1970ರ ದಶಕದಲ್ಲಿ ಬರೆದ ಶಕ್ತಿಮೂಲಗಳ ಪುಸ್ತಕ ಜಲವಿದ್ಯುತ್ತು, ಕಲ್ಲಿದ್ದಲುಗಳಿಗೆ ನಿಲ್ಲುವುದು ಸಹಜ. ತಿರುಮಣಿ, ವಳ್ಳೂರು, ಬಾಲಸಮುದ್ರ ಮೊದಲಾದ ಊರುಗಳ ಸುಮಾರು 13,000 ಎಕರೆಯಲ್ಲಿ 2018ರಿಂದ ಕೆಲಸ ಮಾಡುತ್ತಿರುವ, 2,050 ಮೆಗಾವಾಟ್ ಸಾಮರ್ಥ್ಯದ ಪಾವಗಡ ಸೋಲಾರ್ ಪಾರ್ಕನ್ನು ದಿನವೂ ನೋಡುವ ಮಕ್ಕಳಿಗೆ ಬಿಸಿಲು ಕರೆಂಟಾಗುವುದು ಹೇಗೆಂದು ಹೇಳುವ ಪುಸ್ತಕ ಬೇಕು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆಗೆ ರೈತರು ಭೂಮಿ ಕೊಟ್ಟದ್ದು, ಕೂಲಿಯವರಿಗೂ ಕುರಿ ಮೇಯಿಸುವವರಿಗೂ ಅದರಿಂದ ಏನಾಯಿತು ಎಂಬುದನ್ನೂ ಅದು ಹೇಳಿದರೆ ಆಗ ಅದು ಪೂರ್ತಿ ಪುಸ್ತಕವಾದೀತು.

ಭಾಷೆ ಮತ್ತು ಅನುವಾದ

ಪಾವಗಡ ತಾಲ್ಲೂಕನ್ನು ಮೂರು ಕಡೆಯಿಂದ ಆಂಧ್ರಪ್ರದೇಶ ಬಳಸಿಕೊಂಡಿದೆ. ಇಲ್ಲಿನ ಬಹಳಷ್ಟು ಮಕ್ಕಳ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಇಂಥ ಮಗು ಕನ್ನಡದಲ್ಲಿ ಸರಾಗವಾಗಿ ಮಾತಾಡಿದರೂ 'ದ್ಯುತಿಸಂಶ್ಲೇಷಣೆ', 'ಗುರುತ್ವಾಕರ್ಷಣೆ' ಎಂಬಂಥ ಒತ್ತಕ್ಷರ ತುಂಬಿದ ಪಾರಿಭಾಷಿಕ ಪದಗಳು ಒಂದೇ ಸಾಲಿನಲ್ಲಿ ಮೂರು ನಾಲ್ಕು ಬಂದಾಗ ಪುಸ್ತಕವನ್ನು ಕೆಳಗಿಡುತ್ತದೆ; ಮನೆಯಲ್ಲಿ ಕನ್ನಡವನ್ನೇ ಆಡುವ ಮಗುವಿನ ಪಾಡೂ ಇದಕ್ಕಿಂತ ಬಹಳ ಬೇರೆಯಾಗಿಲ್ಲ. ಪಾರಿಭಾಷಿಕ ಪದ ಬರಲೇಬಾರದೆಂದಲ್ಲ. ಪದ ಬರುವ ಮೊದಲು ಸಂಗತಿ ಬಂದಿರಬೇಕು, ಬಂದ ಪದ ಮುಂದಿನ ಪುಟಗಳಲ್ಲಿ ಮತ್ತೆ ಕೆಲಸಕ್ಕೆ ಬರಬೇಕು. ಕಾರಂತರ ಮತ್ತು ಲಕ್ಷ್ಮಣರಾಯರ ಬರಹ ಈ ವಿಷಯದಲ್ಲಿ ಇಂದಿಗೂ ಅಳತೆಗೋಲು.

ಅನುವಾದಿತ ಪುಸ್ತಕದಲ್ಲಿ ನೋಡಬೇಕಾದದ್ದು ಭಾಷೆಗಿಂತ ಹೆಚ್ಚಾಗಿ ಅದರೊಳಗಿನ ಲೋಕ. ವರ್ಷವನ್ನು ಹಿಮ ಬೀಳುವ ಕಾಲ, ಎಲೆ ಉದುರುವ ಕಾಲವೆಂದು ವಿಭಾಗಿಸಿದ ಹವಾಮಾನದ ಪುಸ್ತಕ ಮುಂಗಾರು, ಹಿಂಗಾರುಗಳ ಮತ್ತು ಅಶ್ವಿನಿ, ಭರಣಿ ಎಂಬ ಮಳೆನಕ್ಷತ್ರಗಳ ಲೆಕ್ಕದಲ್ಲಿ ಬದುಕುವ ಮನೆಯ ಮಗುವಿಗೆ ದೂರದ ದೇಶದ ಪರಿಚಯವಾಗಿ ಒಪ್ಪಿತವೇ ಹೊರತು ಹವಾಮಾನದ ಪಾಠವಾಗಿ ಸಾಲದು. ನದಿಗಳ ಪುಸ್ತಕಗಳಲ್ಲಿ ಕೃಷ್ಣಾ, ಕಾವೇರಿಗಳ ನಂತರ ಒಂದು ಸಾಲಿನಲ್ಲಿ ಮುಗಿಯುವ ಉತ್ತರ ಪಿನಾಕಿನಿಗೂ ಇದೇ ಗತಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಗೌರಿಬಿದನೂರನ್ನು ಹಾದು, ಆಂಧ್ರಕ್ಕೆ ಹೋಗಿ, ಪಾವಗಡ ತಾಲ್ಲೂಕಿನಲ್ಲಿ ಮತ್ತೆ ಕರ್ನಾಟಕಕ್ಕೆ ಬಂದು, ಪುನಃ ಆಂಧ್ರ ಸೇರಿ ನೆಲ್ಲೂರು ಸೀಮೆಯಲ್ಲಿ ಬಂಗಾಳ ಕೊಲ್ಲಿಗಿಳಿಯುವ ಈ ನದಿ ವರ್ಷದ ಬಹುಕಾಲ ಮರಳಾಗಿರುತ್ತದೆ. ನದಿ ಎಂದರೆ ತುಂಬಿ ಹರಿಯುವ ನೀರು ಎಂಬ ಚಿತ್ರವೊಂದನ್ನೇ ಕಂಡ ಮಗು ತನ್ನೂರಿನ ಹೊಳೆಯನ್ನು ನದಿಯೆಂದು ಗುರುತಿಸಲಾರದು.

ಈ ಕೊರತೆಯನ್ನು ತುಂಬಲು ಈಗ ಹೊಸ ಅನುಕೂಲವೊಂದಿದೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ತಾಣದ ಪುಸ್ತಕಗಳು ಮುಕ್ತ ಪರವಾನಗಿಯಲ್ಲಿವೆ, ಎಂದರೆ ಯಾರು ಬೇಕಾದರೂ ಮೂಲ ಲೇಖಕ ಮತ್ತು ಕಲಾವಿದರ ಹೆಸರು ಉಳಿಸಿ ಅವುಗಳನ್ನು ಅನುವಾದಿಸಿ ಮುದ್ರಿಸಿಕೊಳ್ಳಬಹುದು; ಓದಿನ ಕಷ್ಟಕ್ಕೆ ತಕ್ಕಂತೆ ಹಂತಗಳನ್ನೂ ಗುರುತಿಸಿದ್ದಾರೆ. ಕನ್ನಡ, ತೆಲುಗು ಎರಡೂ ಬಲ್ಲ ಶಿಕ್ಷಕರು ಪಾವಗಡದಲ್ಲಿ ಬೇಕಾದಷ್ಟಿರುವುದರಿಂದ, ಒಂದೇ ಪುಟದಲ್ಲಿ ಎರಡೂ ಭಾಷೆಗಳಿರುವ ಪುಸ್ತಕಗಳನ್ನು ಇಲ್ಲಿಯೇ ಸಿದ್ಧಪಡಿಸಿಕೊಳ್ಳುವುದು ಸಾಧ್ಯ.

ಜೀವನಚರಿತ್ರೆ, ಜನಜೀವನ

ಹಳೆಯ ಕಪಾಟುಗಳಲ್ಲಿ ಹೆಚ್ಚಾಗಿ ಸಿಗುವ ಪ್ರಕಾರ ಜೀವನಚರಿತ್ರೆ. ಕಡಿಮೆ ಬೆಲೆ, ಅಂಗೈಯಗಲದ ಗಾತ್ರ, ಸರಳ ಭಾಷೆಗಳಿಂದ 'ಭಾರತ-ಭಾರತಿ'ಯಂಥ ಮಾಲೆಗಳು ಮನೆಮನೆ ತಲುಪಿದ್ದು ದೊಡ್ಡ ಕೆಲಸ. ಈ ಪ್ರಕಾರದ ದೌರ್ಬಲ್ಯವೂ ಅಷ್ಟೇ ಸ್ಪಷ್ಟ: ನಾಯಕನ ಬಾಲ್ಯಕ್ಕೆ ಲೇಖಕ ಕಟ್ಟಿದ ಸಂಭಾಷಣೆಗಳನ್ನು ನಡೆದ ಸಂಗತಿಯಂತೆ ಕೊಡುವುದು, ಬದುಕಿನ ತಪ್ಪು ಹೆಜ್ಜೆಗಳನ್ನು ಬಿಟ್ಟುಬಿಡುವುದು. ಒಬ್ಬ ವ್ಯಕ್ತಿಯ ಬಗ್ಗೆ ಸಾಧ್ಯವಾದಲ್ಲಿ ಎರಡು ಬೇರೆ ಬೇರೆ ಪುಸ್ತಕಗಳನ್ನು ಇಡುವುದು ಇದಕ್ಕೆ ತಕ್ಕ ಮದ್ದು. ಸಮುದಾಯಗಳ ಚಿತ್ರಣವನ್ನು ಇನ್ನೂ ಜಾಗ್ರತೆಯಿಂದ ನೋಡಬೇಕಾಗುತ್ತದೆ. ಶಿರಾ ಸೀಮೆಯ ಕಾಡುಗೊಲ್ಲರ ಹಟ್ಟಿ, ಅವರ ಸಾಂಸ್ಕೃತಿಕ ನಾಯಕ ಜುಂಜಪ್ಪನ ಕಾವ್ಯ, ಪಾವಗಡದ ಲಂಬಾಣಿ ತಾಂಡಾಗಳು ಪುಸ್ತಕದಲ್ಲಿ ಬರುವುದಾದರೆ, ಅವು ವೇಷಭೂಷಣದ ಪ್ರದರ್ಶನವಾಗಿ ಬಂದಿವೆಯೇ, ಕುರಿ ಸಾಕಣೆಯ, ವಲಸೆಯ, ಶಾಲೆಗೆ ಹೋಗುವ ಮಕ್ಕಳ ಇಂದಿನ ಬದುಕಾಗಿ ಬಂದಿವೆಯೇ ಎಂಬುದನ್ನು ಆ ಹಟ್ಟಿ, ತಾಂಡಾಗಳ ಮಗು ಓದುವಂತೆ ಓದಿ ತೀರ್ಮಾನಿಸಬೇಕು.

ರೂಪ, ದಾನ, ವಿಲೇವಾರಿ

ಪುಸ್ತಕದ ರೂಪದ ಬಗ್ಗೆ ಹೇಳಬೇಕಾದದ್ದು ಕಡಿಮೆ. ವಿಷಯಸೂಚಿ ಮತ್ತು ಕೊನೆಯಲ್ಲಿ ಪದಸೂಚಿ, ಚಿತ್ರದ ಭಾಗಗಳಿಗೆ ಹೆಸರು, ಇರುವೆಯನ್ನು ಅಂಗೈಯಷ್ಟು ದೊಡ್ಡದಾಗಿ ಬರೆದಾಗ ನಿಜ ಗಾತ್ರದ ಸೂಚನೆ, ನಲಿ-ಕಲಿ ತರಗತಿಯ ಮಕ್ಕಳಿಗೆ ದೊಡ್ಡ ಅಕ್ಷರ, ಹೊಲಿಗೆ ಹಾಕಿದ ಗಟ್ಟಿ ರಟ್ಟು ಇರಬೇಕು. ಕನ್ನಡದ ಮಕ್ಕಳ ಪುಸ್ತಕಗಳಲ್ಲಿ ಪದಸೂಚಿ ಇಲ್ಲದಿರುವುದು ಎಲ್ಲಕ್ಕಿಂತ ದೊಡ್ಡ ಕೊರತೆ.

ದಾನವಾಗಿ ಬರುವ ಪುಸ್ತಕಗಳಲ್ಲಿ ಬಹುಪಾಲು ಹಳೆಯ ಪಠ್ಯ, ಗೈಡು, ಸ್ಪರ್ಧಾತ್ಮಕ ಪರೀಕ್ಷೆಯ ಪ್ರಶ್ನೋತ್ತರಗಳಾಗಿರುತ್ತವೆ. ಒಂದು ಸಾಲಿನ ಪ್ರಶ್ನೆಗೆ ಒಂದು ಪದದ ಉತ್ತರ ಕೊಡುವ ಸಾಮಾನ್ಯ ಜ್ಞಾನದ ಪುಸ್ತಕಗಳನ್ನು ಮಕ್ಕಳ ಮಾಹಿತಿ ಸಾಹಿತ್ಯವೆಂದು ಎಣಿಸಿ ಸಂಗ್ರಹದ ಸಂಖ್ಯೆ ಹೆಚ್ಚಿಸಿಕೊಳ್ಳುವುದು ವ್ಯಾಪಕವಾದ ರೂಢಿ. 'ಏಕೆ', 'ಹೇಗೆ' ಎಂಬ ಪ್ರಶ್ನೆಗಳಿಗೆ ಅವುಗಳಲ್ಲಿ ಎಡೆಯಿಲ್ಲದಿರುವುದರಿಂದ ಅವುಗಳನ್ನು ಪರೀಕ್ಷಾರ್ಥಿಗಳ ವಿಭಾಗಕ್ಕೇ ಬಿಡುವುದು ಲೇಸು. ದಾನ ಸ್ವೀಕರಿಸುವಾಗಲೇ, ಬೇಡದ್ದನ್ನು ಹಿಂದಿರುಗಿಸುವ ಅಥವಾ ಬೇರೆಡೆ ಕಳಿಸುವ ಹಕ್ಕು ಗ್ರಂಥಾಲಯಕ್ಕಿದೆಯೆಂದು ದಾನಿಗಳಿಗೆ ವಿನಯದಿಂದ ತಿಳಿಸಿದರೆ ಮುಂದೆ ಮುಜುಗರವಿರುವುದಿಲ್ಲ.

ಹಳತಾದ, ಹರಿದ, ತಪ್ಪು ತುಂಬಿದ ಪುಸ್ತಕಗಳನ್ನು ಸಂಗ್ರಹದಿಂದ ತೆಗೆಯುವುದಕ್ಕೆ ವಿಲೇವಾರಿ ಎನ್ನುತ್ತಾರೆ. ಸರ್ಕಾರಿ ಗ್ರಂಥಾಲಯಗಳಲ್ಲಿ ದಾಸ್ತಾನು ವಹಿಯಲ್ಲಿ ನಮೂದಾದ ಪುಸ್ತಕ ಕಾಣೆಯಾದರೆ ಮೇಲ್ವಿಚಾರಕರೇ ಹೊಣೆಯಾಗಬೇಕಾದ ಭಯದಿಂದ ಈ ಕೆಲಸ ನಡೆಯುವುದು ಅಪರೂಪ, ಕೆಲವೆಡೆ ಅದೇ ಭಯದಿಂದ ಹೊಸ ಪುಸ್ತಕಗಳು ಬೀಗ ಹಾಕಿದ ಬೀರುವಿನಲ್ಲಿ ಉಳಿಯುತ್ತವೆ. ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳಲ್ಲಿ ಮೊದಲನೆಯದು, ಗ್ರಂಥಾಲಯ ಬೆಳೆಯುವ ಜೀವಿ ಎಂಬುದು ಐದನೆಯದು. ಬಳಕೆಯಿಂದ ಸವೆದ ಪುಸ್ತಕವನ್ನು ನಷ್ಟವೆಂದು ಎಣಿಸುವ ಲೆಕ್ಕಪದ್ಧತಿ ಈ ಎರಡಕ್ಕೂ ವಿರುದ್ಧ. ವರ್ಷಕ್ಕೊಮ್ಮೆ ಪಂಚಾಯಿತಿಯ ಗ್ರಂಥಾಲಯ ಸಮಿತಿ, ಒಬ್ಬ ಶಿಕ್ಷಕ ಮತ್ತು ಓದುವ ಮಕ್ಕಳಲ್ಲಿ ಇಬ್ಬರು ಮೂವರು ಸೇರಿ ಕಪಾಟನ್ನು ಪರಿಶೀಲಿಸಿ, ತೆಗೆಯಬೇಕಾದುದನ್ನು ನಡಾವಳಿಯಲ್ಲಿ ಬರೆದು ಸಹಿ ಮಾಡಿದರೆ ಮೇಲ್ವಿಚಾರಕರ ಮೇಲಿನ ಹೊರೆ ಇಳಿಯುತ್ತದೆ. ಪುಸ್ತಕ ಸಿಗದೆ ಹಿಂದಿರುಗಿದ ಮಕ್ಕಳು ಕೇಳಿದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕದೊಂದಿಗೆ ಬರೆದಿಡುವ ಪದ್ಧತಿ ಇದಕ್ಕೆ ಪೂರಕವಾದುದು. ಅನುದಾನ ಬಂದಾಗ ಕೊಳ್ಳಬೇಕಾದ ಪುಸ್ತಕಗಳ ಪಟ್ಟಿಯನ್ನು ಆ ನೋಟ್‌ಬುಕ್ಕಿನಿಂದಲೇ ತಯಾರಿಸಬಹುದು.